ಸದನದಲ್ಲಿ ಆಡಿದ ತಲೆ

ಊರು ಹತ್ತಿರವಾದಷ್ಟೂ ಹೂಂ ಅಣ್ಣನಿಗೆ ದಾರಿ ಇನ್ನಷ್ಟು ಉದ್ದವಿರಬಾರದಿತ್ತೇ ಎನಿಸತೊಡಗಿತು. ಶಾಸಕನಾಗಿ ಮೊದಲ ಅಧಿವೇಶನಕ್ಕೆ ಹೋಗಿದ್ದವನು ವಾರದ ಕೊನೆಗೆ ಮನೆಗೆ ಮರಳುತ್ತಿದ್ದ. ಬೇರೆಯವರಾಗಿದ್ದರೆ ಕಾರಿನ ಗಾಜು ಇಳಿಸಿಕೊಂಡು, ದಾರಿಯಲ್ಲಿ ಸಿಕ್ಕಸಿಕ್ಕವರಿಗೆಲ್ಲ ಕೈಬೀಸುತ್ತಾ ಬರುತ್ತಿದ್ದರು. ಇವನು ಗಾಜು ಏರಿಸಿ, ಸೀಟಿನ ಮೂಲೆಯಲ್ಲಿ ಮುದುಡಿ ಕೂತಿದ್ದ. ಏಸಿ ಇನ್ನೂ ಜಾಸ್ತಿ ಮಾಡಲಾ ಸಾರ್ ಎಂದು ಡ್ರೈವರ್ ಕೇಳಿದ್ದಕ್ಕೆ ತಲೆಯಾಡಿಸಿದ. ಆಮೇಲೆ ಚಳಿಗೆ ನಡುಗುತ್ತಾ, ಬೇಡ ಅನ್ನುವುದಕ್ಕೆ ತನಗೇನು ದಾಡಿ ಎಂದು ತನ್ನನ್ನೇ ಬೈದುಕೊಂಡ.

ಆ ತಲೆಯೇ ಅವನನ್ನು ಈ ಗತಿಗೆ ತಂದದ್ದು. ನಿಜ ಹೇಳಬೇಕೆಂದರೆ ಕಾರನ್ನು ತಂದದ್ದೂ ಅದೇ.

ಅಪ್ಪ ಅಮ್ಮ ಇಬ್ಬರೂ ಬೇಗ ಹೋಗಿ, ಅವನನ್ನು ಸಾಕಿದವಳು ಅಕ್ಕ. ಅವಳದು ಊರಿನ ಹಳೇ ಮಾರ್ಕೆಟ್ಟಿನಲ್ಲಿ ತರಕಾರಿ ಅಂಗಡಿ. ಟೊಮೆಟೊ ಖಾಲಿಯಾದ ಕ್ರೇಟಿನಲ್ಲಿ ಮಲಗಿ, ಮೂಲಂಗಿ ಕಟ್ಟುಗಳ ನಡುವೆ ಅಂಬೆಗಾಲಿಟ್ಟು ಬೆಳೆದ ಜೀವ ಇವನದು. ನಿನ್ನೆ ಕೊಟ್ಟ ಬದನೆಕಾಯಲ್ಲಿ ಹುಳ ಇತ್ತು ಎಂದು ಗಿರಾಕಿಗಳು ಕೂಗಾಡಿದಾಗ ಏನು ಮಾಡಬೇಕೆಂದು ಅಕ್ಕ ಕಲಿಸಿಕೊಟ್ಟಿದ್ದಳು. ವಾದಕ್ಕಿಳಿಯಬೇಡ, ಮುಖ ನೋಡುತ್ತಾ ತಲೆಯಾಡಿಸು, ಅರ್ಧ ಸಿಟ್ಟು ಅಲ್ಲೇ ಇಳಿಯುತ್ತದೆ, ಮಿಕ್ಕ ಅರ್ಧಕ್ಕೆ ಒಳ್ಳೆಯ ಕಾಯಿ ಹುಡುಕಿ ಕೊಡು. ತಮ್ಮ ಈ ಪಾಠದ ಮೊದಲ ಭಾಗವನ್ನು ಅರೆದು ಕುಡಿದ. ಎರಡನೆಯದು ಆಗಾಗ ಮರೆತುಹೋಗುತ್ತಿತ್ತು.

ಮಾರ್ಕೆಟ್ಟಿನ ಚರಂಡಿ ಕಟ್ಟಿಕೊಂಡು ನಾರತೊಡಗಿದ ವರ್ಷ ಅವನ ಭಾಗ್ಯ ತೆರೆಯಿತು. ನಗರಸಭೆಗೆ ಹೋದವರೆಲ್ಲ ಜಗಳವಾಡಿ ಬರಿಗೈಯಲ್ಲಿ ಬರುತ್ತಿದ್ದರು. ಇವನು ಹೋಗಿ ಎಂಜಿನಿಯರ್ ಎದುರು ಕೂತ. ಪೈಪು ಬಂದಿಲ್ಲ ಎಂದರು, ತಲೆಯಾಡಿಸಿದ. ಆಳುಗಳಿಲ್ಲ ಎಂದರು, ತಲೆಯಾಡಿಸಿದ. ಇಷ್ಟು ಗಮನವಿಟ್ಟು ತಮ್ಮ ಕಷ್ಟ ಕೇಳಿದವರನ್ನು ಆ ಮನುಷ್ಯ ಜನ್ಮದಲ್ಲೇ ಕಂಡಿರಲಿಲ್ಲ. ನೆಪಗಳೆಲ್ಲ ಮುಗಿದು, ಕೊನೆಗೆ ತಮಗೇ ನಾಚಿಕೆಯಾಗಿ ಎದ್ದು ಬಂದು ಚರಂಡಿ ತೆಗೆಸಿಕೊಟ್ಟರು. ಮಾರ್ಕೆಟ್ಟಿನವರು ಅವನನ್ನು ಹೆಗಲಿಗೆ ಏರಿಸಿಕೊಂಡರು. ಮುಂದಿನ ಚುನಾವಣೆಯಲ್ಲಿ ವಾರ್ಡಿನ ಸದಸ್ಯನಾದ. ಬೆಳಗಾದರೆ ಮನೆಯ ಮೆಟ್ಟಿಲ ಮೇಲೆ ಜನ. ನಲ್ಲಿ, ಬೀದಿದೀಪ, ಗಂಡ ಹೆಂಡಿರ ಜಗಳ, ಎಲ್ಲಕ್ಕೂ ಒಂದೇ ಹೂಂ, ಒಂದೇ ತಲೆ; ಹೂಂ ಅಣ್ಣ ಎಂಬ ಅಡ್ಡಹೆಸರು ಬಿದ್ದದ್ದು ಆಗಲೇ. ಹೇಳಿಕೊಂಡವರ ಎದೆ ಹಗುರವಾಗಿ, ಬಂದ ಕೆಲಸವನ್ನೇ ಕೆಲವರು ಮರೆತು ಹೋಗುತ್ತಿದ್ದರು. ಕೆಲಸ ಮಾಡಲೇ ಇಲ್ಲ ಎಂದರೆ ಅನ್ಯಾಯವಾದೀತು, ಮಾಡಿದ್ದೂ ಉಂಟು. ಆದರೆ ಹೆಸರು ಬಂದದ್ದು ತಲೆಗೆ.

ಆಮೇಲಿನದು ಇನ್ನೂ ಸುಲಭ. ನಗರಸಭೆಯಲ್ಲಿ ಎರಡು ಗುಂಪುಗಳು ಕಿತ್ತಾಡಿಕೊಂಡಾಗ, ಇವನು ನಮ್ಮವನೇ ಎಂದು ಎರಡೂ ಗುಂಪು ನಂಬಿ ಅವನನ್ನು ಅಧ್ಯಕ್ಷನ ಕುರ್ಚಿಯಲ್ಲಿ ಕೂರಿಸಿದವು. ಪಕ್ಷದ ಟಿಕೆಟ್ಟಿಗೆ ಇಬ್ಬರು ಘಟಾನುಘಟಿಗಳು ಹಟ ಹಿಡಿದಾಗಲೂ ಅದೇ ನಡೆಯಿತು. ಹೀಗೆ ಯಾರ ಮನಸ್ಸನ್ನೂ ನೋಯಿಸದೆ ಹೂಂ ಅಣ್ಣ ಶಾಸಕನಾದ. ಇನ್ನು ಮೇಲೆ ಹಾಗೆಲ್ಲ ಕರೆಯಬೇಡಿ ಎಂದು ಅವನ ಹೆಂಡತಿ ಮಾರ್ಕೆಟ್ಟಿನ ಒಂದಿಬ್ಬರಿಗೆ ಹೇಳಿದ್ದಳು. ಅವರೂ ಗಂಭೀರವಾಗಿ ತಲೆಯಾಡಿಸಿ, ಸರಿ, ಈಗ ಹೂಂ ಅಣ್ಣ ಒಳಗಿದಾರಾ ಎಂದು ಕೇಳಿದ್ದರು.

ಗೆದ್ದ ದಿನ ಅಕ್ಕ ಕೇಳಿದ್ದು ಒಂದೇ. ಹಳೇ ಮಾರ್ಕೆಟ್ಟನ್ನು ಎತ್ತಂಗಡಿ ಮಾಡುತ್ತಾರೆಂಬ ಸುದ್ದಿ ಆಗಾಗ ಹುಟ್ಟಿ ಸಾಯುತ್ತಿತ್ತು. ಏನಾದರೂ ಮಾಡು, ಅದೊಂದು ಆಗದ ಹಾಗೆ ನೋಡಿಕೋ ಎಂದಳು. ಅವನು ಅವಳ ಮುಖ ನೋಡುತ್ತಾ ತಲೆಯಾಡಿಸಿದ್ದ.

ಈಗ ನೋಡಿ. ಗುರುವಾರ ಸದನದಲ್ಲಿ ಅವನ ಮೊದಲ ಪ್ರಶ್ನೆಯಿತ್ತು, ಊರಿನ ಹೈಸ್ಕೂಲಿಗೆ ಕುಡಿಯುವ ನೀರಿನ ಬಗ್ಗೆ. ಮೈಕಿನ ಕೆಂಪು ದೀಪ ಹತ್ತಿದ ಮೇಲೆ ಮಾತಾಡಬೇಕೋ, ಮೊದಲೇ ಎದ್ದು ನಿಲ್ಲಬೇಕೋ, ಮಾನ್ಯ ಎನ್ನುವುದು ಹಿಂದೆಯೋ ಮುಂದೆಯೋ, ಇದನ್ನೇ ಮನಸ್ಸಿನಲ್ಲಿ ಉರು ಹೊಡೆಯುತ್ತಾ ಕೂತಿದ್ದ. ಮುಂದಿನ ಸಾಲಿನಲ್ಲಿ ಅವನ ಪಕ್ಷದವರೇ ಆದ ನಗರಾಭಿವೃದ್ಧಿ ಮಂತ್ರಿ ಎದ್ದು, ಇವನತ್ತ ಅರ್ಧ ತಿರುಗಿ ನಿಂತು ಇನ್ಯಾರದೋ ಪ್ರಶ್ನೆಗೆ ಉತ್ತರ ಕೊಡುತ್ತಿದ್ದರು. ಮಾತಾಡುವವರ ಮುಖ ಕಂಡರೆ ಸಾಕು, ಇವನ ತಲೆ ತನ್ನ ಕೆಲಸ ತಾನು ಮಾಡುತ್ತದೆ. ಅವನು ಮಂತ್ರಿಯ ಮುಖವನ್ನೇ ನೋಡುತ್ತಿದ್ದ. ಕಿವಿಗೆ ಮಾತ್ರ ಒಂದಕ್ಷರವೂ ಬಿದ್ದಿರಲಿಲ್ಲ.

ಮಂತ್ರಿ ಅವನತ್ತ ಕೈತೋರಿಸಿ ನಕ್ಕು ಏನೋ ಹೇಳಿದರು. ಅವನ ಕಡೆಯ ಸಾಲುಗಳಲ್ಲಿ ಮೇಜುಗಳು ದಡದಡ ಸದ್ದು ಮಾಡಿದವು. ತನ್ನನ್ನು ಹೊಗಳಿದರೆಂದು ತಿಳಿದ ಹೂಂ ಅಣ್ಣ ಎದ್ದು ನಿಂತು, ಎದೆಯ ಮೇಲೆ ಕೈಯಿಟ್ಟು, ಬಗ್ಗಿ ವಂದಿಸಿ ಕೂತ. ಮೇಜುಗಳು ಇನ್ನೂ ಜೋರಾಗಿ ಸದ್ದು ಮಾಡಿದವು.

ಪಕ್ಕದ ಸೀಟಿನಲ್ಲಿ ಒಬ್ಬ ಹಿರಿಯ ಸದಸ್ಯರಿದ್ದರು, ಸದಾ ತೂಕಡಿಸುವ ಹಾಗೆ ಕಂಡರೂ ಎಲ್ಲ ಕೇಳಿಸಿಕೊಳ್ಳುವ ಆಸಾಮಿ. ಮೊಗಸಾಲೆಗೆ ಬಂದ ಮೇಲೆ ಅವರೇ ಬಿಡಿಸಿ ಹೇಳಿದರು. ಹಳೇ ಮಾರ್ಕೆಟ್ ಕೆಡವಿ, ಊರಾಚೆ ಹೆದ್ದಾರಿಯ ಪಕ್ಕ ದೊಡ್ಡ ಕಟ್ಟಡ ಕಟ್ಟುತ್ತಾರೆ. ಅಲ್ಲಿನ ಮಳಿಗೆಗಳು ಹರಾಜಿಗೆ. ಹಳಬರಿಗೆ ಯಾವ ಮೀಸಲೂ ಇಲ್ಲ. ಮಾರ್ಕೆಟ್ಟಿನವರ ವಿರೋಧ ಇಲ್ಲವೇ ಎಂದು ಯಾರೋ ಕೇಳಿದ್ದಕ್ಕೆ ಮಂತ್ರಿ ಹೇಳಿದ್ದಿಷ್ಟು: ಅದೇ ಮಾರ್ಕೆಟ್ಟಿನಲ್ಲಿ ಹುಟ್ಟಿ ಬೆಳೆದ ಮಾನ್ಯ ಸದಸ್ಯರು ಇಲ್ಲೇ ಕೂತು ಒಪ್ಪಿ ತಲೆಯಾಡಿಸುತ್ತಿದ್ದಾರೆ, ಇನ್ನೇನು ಬೇಕು?

"ಬೆಳೆದ ಮನೆಯನ್ನೇ ಕೊಟ್ಟುಬಿಟ್ಟೆಯಲ್ಲಪ್ಪಾ," ಎಂದರು ಹಿರಿಯರು. "ಮೇಲಿಂದ ಬಗ್ಗಿ ಥ್ಯಾಂಕ್ಸ್ ಬೇರೆ ಹೇಳಿದೆ."

ಹೂಂ ಅಣ್ಣ ಅವರ ತೋಳು ಹಿಡಿದುಕೊಂಡ. ಇದಕ್ಕೆ ದಾರಿ ಇಲ್ಲವೇ ಎಂದು ಗೋಗರೆದ. ಇದೆ, ಸೋಮವಾರ ಸದನ ಸೇರಿದಾಗ ಸಭಾಧ್ಯಕ್ಷರ ಅನುಮತಿ ಪಡೆದು ಎದ್ದು ನಿಂತು ನಾನು ಒಪ್ಪಿಲ್ಲ ಎಂದು ಹೇಳಬಹುದು, ಕಡತಕ್ಕೆ ಹೋಗುತ್ತದೆ, ಆದರೆ ನಮ್ಮ ಪಕ್ಷದವರು ಬಿಡಬೇಕಲ್ಲ ಎಂದು ಅವರು ಚಹಾ ಕುಡಿಯಲು ಹೋದರು.

ಪಕ್ಷದವರು ಬಿಡಲಿಲ್ಲ. ಶುಕ್ರವಾರ ಅವನು ಪಕ್ಷದ ಸಚೇತಕರ ಕೋಣೆಗೆ ಹೋಗಿ, ಬೆವರೊರೆಸಿಕೊಳ್ಳುತ್ತಾ, ತನಗೆ ಮಂತ್ರಿಯ ಮಾತು ಕೇಳಿಸಿಯೇ ಇರಲಿಲ್ಲ ಎಂದು ಒಪ್ಪಿಕೊಂಡ. ಸಚೇತಕರು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಎಷ್ಟೋ ವಾಸಿಯಿತ್ತು. ನಮ್ಮ ಮಂತ್ರಿ ಮಾತಾಡುವಾಗ ನಮ್ಮ ಸದಸ್ಯರೇ ಕೇಳುವುದಿಲ್ಲ ಎಂದು ಇಡೀ ರಾಜ್ಯಕ್ಕೆ ಸಾರುತ್ತೀಯಾ ಎಂದು ಮೆಲ್ಲಗೆ ಕೇಳಿದರು. ನೀನು ತುಂಬ ದೂರ ಹೋಗುವವನು ಎಂದರು. ಮುಂದಿನ ಸಲ ಟಿಕೆಟ್ಟಿಗೆ ಯಾರ್‍ಯಾರು ಕಾಯುತ್ತಿದ್ದಾರೆ ಗೊತ್ತಲ್ಲ ಎಂದೂ ಸೇರಿಸಿದರು. ಹೂಂ ಅಣ್ಣ ಅವರ ಮುಖ ನೋಡುತ್ತಾ ಕೂತಿದ್ದ. ಹೊರಗೆ ಬಂದ ಮೇಲೆಯೇ ಅವನಿಗೆ ಹೊಳೆದದ್ದು, ಅಲ್ಲಿಯೂ ಉದ್ದಕ್ಕೂ ತಲೆಯಾಡಿಸಿಕೊಂಡೇ ಬಂದಿದ್ದೇನೆ ಎಂದು.

ಅಕ್ಕನಿಗೆ ಫೋನ್ ಮಾಡಲು ಧೈರ್ಯ ಬರಲಿಲ್ಲ. ಹೆಂಡತಿಗೆ ಮಾಡಿದ. ನೀವು ಎದ್ದು ವಂದಿಸಿದ್ದನ್ನು ಮಾರ್ಕೆಟ್ಟಿನವರೆಲ್ಲ ಮೊಬೈಲಿನಲ್ಲಿ ನೋಡಿದ್ದಾರೆ ಎಂದಳು. ಅಕ್ಕ ಏನಂದಳು ಎಂದು ಕೇಳಲು ಬಾಯಿ ತೆರೆದವನು, ಊಟ ಆಯ್ತಾ ಎಂದು ಕೇಳಿ ಫೋನ್ ಇಟ್ಟ.

ಹೀಗೆ ಶನಿವಾರ ಬೆಳಗ್ಗೆ ಕಾರು ಊರಿನೊಳಗೆ ಬಂತು. ಮಾರ್ಕೆಟ್ಟಿನ ಮುಂಬಾಗಿಲಿಗೆ ಹೋಗುವ ಎದೆಗಾರಿಕೆ ಇರಲಿಲ್ಲ. ಹಿಂದುಗಡೆ ಐಸ್ ಗೋದಾಮಿನ ಹತ್ತಿರ ನಿಲ್ಲಿಸಲು ಹೇಳಿ, ಒಬ್ಬನೇ ಇಳಿದು, ಗೋಡೆಯ ಬದಿಯಲ್ಲೇ ನಡೆದ. ಏನೇನು ಕಾದಿರಬಹುದೆಂದು ದಾರಿಯುದ್ದಕ್ಕೂ ಲೆಕ್ಕ ಹಾಕಿಯಾಗಿತ್ತು. ಬೈದರೆ ಬೈಸಿಕೊಳ್ಳುವುದು. ಕೊಳೆತ ಟೊಮೆಟೊ ಬಂದರೆ ಅಂಗಿ ಬದಲಿಸುವುದು. ಅಕ್ಕ ಮಾತು ಬಿಟ್ಟರೆ ಏನು ಮಾಡುವುದೆಂದು ಮಾತ್ರ ಗೊತ್ತಾಗಿರಲಿಲ್ಲ. ಒದ್ದೆ ನೆಲದ ಮೇಲೆ ಎಲೆಕೋಸಿನ ಸಿಪ್ಪೆ ತುಳಿದು ಜಾರಿದ. ಕಂಬ ಹಿಡಿದುಕೊಂಡ.

"ಹೂಂ ಅಣ್ಣ ಬಂದ್ರು," ಎಂದು ಮೊಟ್ಟೆ ಅಂಗಡಿಯಾಕೆ ಕೂಗಿದಳು.

ಅವನು ಕಣ್ಣು ಮುಚ್ಚಿದ. ಏನೂ ಬಂದು ಬೀಳಲಿಲ್ಲ. ಕಣ್ಣು ತೆರೆದರೆ ಮೊಟ್ಟೆಯಾಕೆ ಬಾಯ್ತುಂಬ ನಗುತ್ತಿದ್ದಾಳೆ. ಈರುಳ್ಳಿಯವನು ಮೂಟೆಯಿಂದ ಇಳಿದು ಬಂದು ಕೈಕುಲುಕಿದ. ಯಾರೋ ಸ್ಟೂಲು ತಂದರು, ಇನ್ಯಾರೋ ಚಹಾ ಹೇಳಿದರು. ಮೊಬೈಲಿನಲ್ಲಿ ಎಷ್ಟು ಚೆನ್ನಾಗಿ ಕಾಣುತ್ತಿದ್ದೆ ಎಂದರು. ಚಾಕು ಸಾಣೆ ಹಿಡಿಯುವ ಮುದುಕ ಒಬ್ಬನೇ ಚಕ್ರ ನಿಲ್ಲಿಸದೆ, ತಲೆಯೆತ್ತದೆ, ಹೊಸ ಜಾಗದಲ್ಲಿ ನೆರಳು ಇರುತ್ತಂತೆ, ನಿಜವಾ ಎಂದು ಕೇಳಿದ. ಹೂಂ ಅಣ್ಣನ ತಲೆ ಅರ್ಧ ಆಡಿ ನಿಂತಿತು. ಇವರೆಲ್ಲ ಯಾಕೆ ನಗುತ್ತಿದ್ದಾರೆಂದು ಅವನಿಗೆ ತಿಳಿಯಲಿಲ್ಲ. ಬೈಗುಳಕ್ಕೆ ಸಿದ್ಧನಾಗಿ ಬಂದವನಿಗೆ ಈ ನಗು ಇನ್ನೂ ದಿಗಿಲು ಹುಟ್ಟಿಸಿತು.

ಅಕ್ಕ ಬೀನ್ಸ್ ತೂಗುತ್ತಿದ್ದಳು. ಅವನನ್ನು ಕಂಡು, ಗಿರಾಕಿಯ ಚೀಲಕ್ಕೆ ಇನ್ನೊಂದು ಹಿಡಿ ಜಾಸ್ತಿ ಹಾಕಿ ಕಳಿಸಿದಳು. ಬೋರಲು ಹಾಕಿದ್ದ ಕ್ರೇಟನ್ನು ಕಾಲಿನಿಂದ ಅವನತ್ತ ತಳ್ಳಿದಳು. ಅದು ಅವನ ಜಾಗ, ಶಾಸಕನಾದರೂ ಕೂರುವುದು ಅಲ್ಲೇ. ಸೊರಗಿದೀಯಲ್ಲೋ, ಅಲ್ಲಿ ಊಟ ಸರಿಯಾಗಿ ಹಾಕ್ತಾರೋ ಇಲ್ಲವೋ ಎಂದು ವಿಚಾರಿಸಿದಳು. ಸೆರಗಿನಿಂದ ಅವನ ಹಣೆಯ ಬೆವರು ಒರೆಸಿದಳು.

ಆಮೇಲೆ ಅವಳೇ ಶುರು ಮಾಡಿದಳು. ಮೊಬೈಲಿನಲ್ಲಿ ನೋಡಿದಾಗ ಮಾರ್ಕೆಟ್ಟಿನಲ್ಲಿ ರಂಪವೋ ರಂಪವಂತೆ. ನಿನ್ನ ತಮ್ಮ ನಮ್ಮ ಕತ್ತು ಕೊಯ್ದ ಎಂದು ಈರುಳ್ಳಿಯವನೇ ಅವಳ ಮುಖಕ್ಕೆ ಹೇಳಿದನಂತೆ. ಅವಳು ಸುಮ್ಮನಿರಲಿಲ್ಲ. ಅಂಗಡಿ ಅಂಗಡಿಗೂ ಹೋಗಿ ಕೂತು ತಿಳಿಹೇಳಿದಳು. ತಾನು ಎತ್ತಿ ಆಡಿಸಿದ ತಮ್ಮ, ತನ್ನ ಕೈತುತ್ತು ತಿಂದು ಬೆಳೆದವನು, ಅವನು ಒಪ್ಪಿದ್ದಾನೆ ಎಂದರೆ ಅದರಲ್ಲಿ ನಮಗೆ ಒಳ್ಳೆಯದೇ ಇರಬೇಕು, ಎಲ್ಲ ವಿಚಾರಿಸಿಯೇ ತಲೆಯಾಡಿಸಿರುತ್ತಾನೆ ಎಂದಳು. ನಿನ್ನೆ ಸಂಜೆ ಅಧಿಕಾರಿಗಳು ಬಂದು ಹೊಸ ಕಟ್ಟಡ, ಮಳಿಗೆ, ನೆರಳು ಎಂದೆಲ್ಲ ವರ್ಣಿಸಿದ್ದರು, ಹರಾಜಿನ ಹೆಸರೆತ್ತಿರಲಿಲ್ಲ. ಜಾಗ ಬಿಟ್ಟುಕೊಡಲು ಒಪ್ಪಿಗೆ ಇರುವವರು ಕೈ ಎತ್ತಿ ಎಂದು ಕೇಳಿ, ಅದನ್ನು ಕ್ಯಾಮೆರಾದಲ್ಲಿ ಹಿಡಿದುಕೊಂಡರು.

"ನಾನೇ ಮೊದಲು ಎತ್ತಿದೆ ಕಣೋ," ಎಂದಳು ಅಕ್ಕ. "ಆಮೇಲೆ ಎಲ್ಲರೂ ಎತ್ತಿದ್ರು. ಸಾಣೆ ಅಜ್ಜ ಒಬ್ಬ ಮುಖ ತಿರುಗಿಸ್ಕೊಂಡು ಕೂತಿದ್ದ. ನಾನೇ ಹೋಗಿ ಅವನ ಕೈ ಹಿಡಿದು ಮೇಲೆತ್ತಿಸಿದೆ."

ಗುರುವಾರದಿಂದ ಹೂಂ ಅಣ್ಣ ಹೆದರಿದ್ದು ಅಕ್ಕನ ಸಿಟ್ಟಿಗೆ. ಅವಳು ತನ್ನನ್ನು ನಂಬಿಬಿಡಬಹುದೆಂದು ಅವನಿಗೆ ಹೊಳೆದೇ ಇರಲಿಲ್ಲ. ಇವಳ ಒಂದು ಕೈ ಎಲ್ಲರ ಕೈಗಳನ್ನೂ ಎಳೆದುಕೊಂಡು ಮೇಲೆ ಹೋಗಿದೆ. ಹರಾಜಿನಲ್ಲಿ ಮೊಟ್ಟೆಯಾಕೆ ಕೂಗುತ್ತಾಳೆಯೇ? ಸಾಣೆಯ ಮುದುಕ ಕೂಗುತ್ತಾನೆಯೇ? ನಾಳೆ ಬೀದಿಗೆ ಬಿದ್ದ ದಿನ ಇವರೆಲ್ಲ ಬಂದು ಕೇಳುವುದು ಅಕ್ಕನನ್ನು.

ಅಕ್ಕ ಮುಂದಕ್ಕೆ ಬಾಗಿ, ಬೇರೆಯವರಿಗೆ ಕೇಳಿಸದ ಹಾಗೆ, ನನಗೆ ಯಾವ ಕಡೆಯ ಮಳಿಗೆ ಹೇಳಿದ್ದೀಯ, ಸೊಪ್ಪು ಬಾಡಬಾರದು, ಮಧ್ಯಾಹ್ನದ ಬಿಸಿಲು ಬೀಳದ ಕಡೆ ತಾನೆ ಎಂದು ಕೇಳಿದಳು. ಕೇಳುವಾಗ ಅವಳ ಮುಖದಲ್ಲಿ ಸಣ್ಣ ಹುಡುಗಿಯ ಆಸೆಯಿತ್ತು. ಇಡೀ ಜನ್ಮದಲ್ಲಿ ತಮ್ಮನಿಂದ ತನಗೊಬ್ಬಳಿಗಾಗಿ ಅವಳು ಕೇಳಿದ್ದು ಅದೇ ಮೊದಲು.

ಅವನ ಕತ್ತಿನ ನರ ಬಿಗಿಯಿತು. ಒಂದು ಸಲ ತಲೆ ಆಡಿಸಿದರೆ ಸಾಕು, ಇವತ್ತಿನ ಮಟ್ಟಿಗೆ ಬಚಾವು. ಚಹಾ ಕುಡಿದು ಮನೆಗೆ ಹೋಗಬಹುದು. ಸೋಮವಾರ ಸುಮ್ಮನೆ ಕೂರಬಹುದು. ಸಚೇತಕರು ಬೆನ್ನು ತಟ್ಟಿಯಾರು. ಅವನು ಎರಡೂ ಕೈಗಳಿಂದ ಕ್ರೇಟಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡ.

"ಅಕ್ಕಾ, ನಾನು ಒಪ್ಪಿರ್ಲಿಲ್ಲ."

ಅವಳು ಅರ್ಥವಾಗದೆ ನೋಡಿದಳು.

"ಅವರು ಏನು ಹೇಳ್ತಿದ್ರು ಅಂತ ನಂಗೆ ಕೇಳಿಸಿರ್ಲೇ ಇಲ್ಲ. ನನ್ನ ಪ್ರಶ್ನೆ ಯೋಚನೇಲಿದ್ದೆ. ಸುಮ್ನೆ ತಲೆ ಆಡ್ತು. ಅಲ್ಲಿ ಮಳಿಗೆ ಎಲ್ಲ ಹರಾಜು. ನಿನಗೂ ಇಲ್ಲ, ಯಾರಿಗೂ ಇಲ್ಲ."

ಒಬ್ಬ ಗಿರಾಕಿ ಬಂದು ಕ್ಯಾರೆಟ್ ಹೇಗೆ ಎಂದು ಕೇಳಿದ. ಅಕ್ಕ ದರ ಹೇಳಿದಳು, ತೂಗಿದಳು, ಚೀಲಕ್ಕೆ ಸುರಿದಳು. ತೂಕ ತಪ್ಪಲಿಲ್ಲ. ಗಿರಾಕಿ ಹೋದ ಮೇಲೆ ತಕ್ಕಡಿಯ ತಟ್ಟೆಯನ್ನು ಕೈಯಿಂದ ಹಿಡಿದು ನಿಲ್ಲಿಸಿ, ಅವನ ಕಡೆ ತಿರುಗಿದಳು.

"ಹಾಗಾದ್ರೆ ನಾನು ಹೇಳುವಾಗ್ಲೂ ಹಾಗೇನಾ? ಮಾರ್ಕೆಟ್ ಉಳಿಸು ಅಂದಾಗ? ಇಷ್ಟು ವರ್ಷ ನನ್ನ ಮುಖ ನೋಡ್ಕೊಂಡು ತಲೆ ಆಡ್ಸಿದ್ದೆಲ್ಲ ಹಾಗೇನಾ?"

ಇಲ್ಲ ಅನ್ನಬೇಕೆಂದು ಅವನು ಬಾಯಿ ತೆರೆದ. ಅಷ್ಟರಲ್ಲಿ ತಲೆ ಆಡಿಹೋಗಿತ್ತು, ಮೇಲೆ, ಕೆಳಗೆ. ಹಾಳು ಅಭ್ಯಾಸ. ಆದರೆ ಅದು ಸುಳ್ಳಾಗಿರಲಿಲ್ಲ, ಅದಕ್ಕೇ ಹಿಂದಕ್ಕೆ ತೆಗೆದುಕೊಳ್ಳಲೂ ಆಗಲಿಲ್ಲ. ಅಕ್ಕ ನೋಡಿದಳು. ಅವಳ ಮುಖದಿಂದ ಏನೋ ಇಳಿದುಹೋಯಿತು. ಅವನು ಅಳುಬುರುಕ ಕೂಸಿನ ಹಾಗೆ ಅವಳ ಸೆರಗು ಹಿಡಿಯಲು ಹೋದ, ಅವಳು ಮೆಲ್ಲಗೆ ಬಿಡಿಸಿಕೊಂಡಳು.

ಸೋಮವಾರ ಎದ್ದು ನಿಂತು ಹೇಳುತ್ತೇನೆ, ಟಿಕೆಟ್ ಹೋದರೆ ಹೋಗಲಿ ಎಂದು ಅವನು ತೊದಲಿದ. ಅಕ್ಕ ಕೊತ್ತಂಬರಿ ಕಟ್ಟುಗಳಿಗೆ ನೀರು ಚಿಮುಕಿಸಿದಳು. ಒದ್ದೆ ಗೋಣಿ ಮುಚ್ಚಿದಳು.

"ಅಲ್ಲಿ ಸೋಮವಾರ ಹೇಳು," ಎಂದಳು. "ಮೊದಲು ಇಲ್ಲಿ ಹೇಳು. ಅವರ ಕೈ ಎತ್ತಿಸಿದ್ದು ನಾನು."

ಅವಳೇ ಹೋಗಿ ಎಲ್ಲರನ್ನೂ ಕರೆದಳು. ಈರುಳ್ಳಿಯವನು, ಮೊಟ್ಟೆಯಾಕೆ, ಮೀನಿನ ಕಡೆಯವರು, ಹಣ್ಣಿನವರು, ಒಬ್ಬೊಬ್ಬರೇ ಕೈಯೊರೆಸಿಕೊಳ್ಳುತ್ತಾ ಬಂದು ನಿಂತರು. ಸಾಣೆಯ ಚಕ್ರವೂ ನಿಂತಿತು. ಹೂಂ ಅಣ್ಣ ಕ್ರೇಟಿನ ಮೇಲೆ ಹತ್ತಿದ. ಅದು ಅವನ ಭಾರಕ್ಕೆ ಕಿರುಗುಟ್ಟಿತು. ಅವರೆಲ್ಲ ಇನ್ನೂ ಸಿಹಿಸುದ್ದಿಗೆ ಕಾಯುವವರ ಹಾಗೆ ಮುಖವೆತ್ತಿ ನಿಂತಿದ್ದರು.

ಹೇಳಿದ. ತಾನು ಒಪ್ಪಿರಲಿಲ್ಲ, ಕೇಳಿಸಿಕೊಂಡೇ ಇರಲಿಲ್ಲ, ಮಳಿಗೆಗಳು ಹರಾಜಿಗೆ ಹೋಗುತ್ತವೆ, ಅಕ್ಕನ ತಪ್ಪಿಲ್ಲ, ತಪ್ಪೆಲ್ಲ ತನ್ನದು. ಸೋಮವಾರ ಸದನದಲ್ಲಿ ಎದ್ದು ನಿಂತು ನಮ್ಮ ಜನರ ಒಪ್ಪಿಗೆ ಇಲ್ಲ ಎಂದು ಹೇಳುತ್ತೇನೆ, ನೀವು ನನ್ನ ಹಿಂದೆ ನಿಲ್ಲಬೇಕು, ಎತ್ತಿದ ಕೈಯನ್ನು ಇಳಿಸಬೇಕು. ದನಿ ಎರಡು ಕಡೆ ಒಡೆಯಿತು. ಆದರೂ ಕೊನೆಯವರೆಗೂ ಬಾಯಿಬಿಟ್ಟೇ ಹೇಳಿದ, ಕತ್ತನ್ನು ಕಲ್ಲಿನ ಹಾಗೆ ಹಿಡಿದುಕೊಂಡು.

ಯಾರೂ ಕೂಗಾಡಲಿಲ್ಲ. ಯಾರೂ ಏನೂ ಎಸೆಯಲಿಲ್ಲ. ಮೊಟ್ಟೆಯಾಕೆ ಅವನ ಮುಖ ನೋಡುತ್ತಾ ತಲೆಯಾಡಿಸಿದಳು. ಈರುಳ್ಳಿಯವನೂ ಆಡಿಸಿದ. ಹಿಂದೆ ಹಣ್ಣಿನವರು, ಮೀನಿನವರು, ಸಾಣೆಯ ಮುದುಕ, ಎಲ್ಲರ ತಲೆಗಳೂ ನಿಧಾನವಾಗಿ ಮೇಲೆ ಕೆಳಗೆ ಆಡಿದವು. ಇದೇ ಮಾರ್ಕೆಟ್ಟಿನಲ್ಲಿ, ಸಿಟ್ಟಿನ ಗಿರಾಕಿಗಳ ಮುಂದೆ ನಿಂತು ಕಲಿತವರು ಅವರೂ. ನಿನ್ನ ಜೊತೆಗಿದ್ದೇವೆ ಎನ್ನುತ್ತಿದ್ದಾರೋ, ಹೇಳಿ ಮುಗಿಸಪ್ಪಾ ವ್ಯಾಪಾರ ನೋಡಬೇಕು ಎನ್ನುತ್ತಿದ್ದಾರೋ, ಆಯುಷ್ಯವೆಲ್ಲ ತಲೆಯಾಡಿಸಿಯೇ ಬದುಕಿದವನಿಗೆ ಒಂದೂ ಗೊತ್ತಾಗಲಿಲ್ಲ. ಒಂದೊಂದೇ ಮುಖವನ್ನು ಹುಡುಕಿದ.

ಕೊನೆಗೆ ಅಕ್ಕನ ಕಡೆ ನೋಡಿದ. ಅವಳು ತಕ್ಕಡಿಯ ಪಕ್ಕದಲ್ಲಿ ನಿಂತು, ಪ್ರತಿ ಮಾತನ್ನೂ ಕೇಳಿಸಿಕೊಂಡವಳ ಹಾಗೆ ಅವನನ್ನೇ ನೋಡುತ್ತಿದ್ದಳು. ಅವಳ ತಲೆ ಮಾತ್ರ ಆಡಲಿಲ್ಲ.